ಪ್ರವಾಸಿಗೆ ಪರದೆ, ಗುಳೆ ಹೋದವನಿಗೆ ಚಳಿಜ್ವರ

ಹಾಸ್ಟೆಲ್ ಗೆಳೆಯರೇ,

ಮೊನ್ನೆ ಒಂದು ಕರಪತ್ರ ಕೈಗೆ ಸಿಕ್ಕಿತು. ಬಿಸಿಲ ನಾಡುಗಳಿಗೆ ಪ್ರವಾಸ ಹೋಗುವವರು ಸೊಳ್ಳೆಯಿಂದ ಬರುವ ಕಾಯಿಲೆಗಳ ಬಗ್ಗೆ ಏನೇನು ಎಚ್ಚರ ವಹಿಸಬೇಕು ಅನ್ನೋದು ಅದರ ವಿಷಯ. ನುಣುಪು ಕಾಗದ. ಮೇಲೆ ತೆಂಗಿನಮರ, ಸಮುದ್ರ, ಟೋಪಿ ಹಾಕಿದ ಒಬ್ಬ ಬಿಳಿ ಹೆಂಗಸು. ಒಳಗೆ ಬುದ್ಧಿಮಾತು. ತುಂಬುತೋಳಿನ ಅಂಗಿ ತೊಡಿ. ತೆರೆದ ಮೈಗೆ ಮುಲಾಮು ಹಚ್ಚಿ. ಜಾಲರಿ ಹಾಕಿದ ಕಿಟಕಿ ಇರುವ ಕೋಣೆಯಲ್ಲಿ, ಸಾಧ್ಯವಾದರೆ ಏರ್ ಕಂಡೀಷನ್ ಇರುವಲ್ಲಿ ಮಲಗಿ. ಹೊರಡುವ ಕೆಲವು ವಾರ ಮೊದಲೇ ನಿಮ್ಮ ವೈದ್ಯರನ್ನು ಕಂಡು ಮಲೇರಿಯಾ ತಡೆಯುವ ಮಾತ್ರೆ ಬರೆಸಿಕೊಳ್ಳಿ.

ಊರಿಗೆ ಹೋದಾಗ ಇದನ್ನು ನಮ್ಮ ಕಾಕಾನಿಗೆ ಓದಿ ಹೇಳಿದೆ. ಕಾಕಾ ಕೊಪ್ಪಳ ಸೀಮೆಯಿಂದ ಮಂಗಳೂರಿಗೆ ಹದಿನೈದು ವರ್ಷದಿಂದ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ಬರುವ ಆಳು. ಬೀಡಿ ಸೇದುತ್ತಾ ಪೂರ್ತಿ ಕೇಳಿದ.

"ಯಾರಿಗೆ ಬರದಾರ ತಮ್ಮಾ ಇದನ್ನ?"

"ಪ್ರವಾಸ ಹೋಗೋರಿಗೆ, ಕಾಕಾ."

"ವರ್ಷಾ ವರ್ಷಾ ನಾನೂ ಹೊಕ್ಕೀನಲ್ಲ. ಎಸಿ ರೂಮು ನಾವು ಕಟ್ಟಾವರಪಾ, ಅದರಾಗ ಮಕ್ಕೊಳ್ಳಾವರಲ್ಲ."

ನನಗೆ ಉತ್ತರ ಇರಲಿಲ್ಲ. ಕಾಕಾ ಮೂರು ಸಲ ಮಲೇರಿಯಾ ಕಂಡವನು. ಅವನು ಹೋಗುವುದು ಊರಿಂದ ಊರಿಗೇ, ದಾಟುವುದು ಘಟ್ಟವನ್ನೇ, ಸೇರುವುದು ಕಡಲತಡಿಯನ್ನೇ. ಆದರೆ ಅವನ ಹೋಗುವಿಕೆಗೆ ಪ್ರವಾಸ ಅನ್ನುವ ಹೆಸರಿಲ್ಲ. ಅದಕ್ಕೆ ಗುಳೆ ಅನ್ನುತ್ತಾರೆ. ಪ್ರವಾಸ ಹೋದವನಿಗೆ ಕಾಯಿಲೆ ತಗುಲಬಾರದು ಅಂತ ಪುಸ್ತಕ ಬರೆಯುತ್ತಾರೆ. ಗುಳೆ ಹೋದವನಿಂದ ಊರಿಗೆ ಕಾಯಿಲೆ ತಗುಲಬಾರದು ಅಂತ ಹುಕುಂ ಹೊರಡಿಸುತ್ತಾರೆ. ಈ ಎರಡರ ನಡುವಿನ ಅಂತರ ಏನು, ಅದು ಎಲ್ಲಿಂದ ಬಂತು ಅನ್ನುವುದನ್ನೇ ಈ ಸಲ ಜಗಳ ತೆಗೆದು ಕೇಳಬೇಕೆಂದಿದ್ದೇನೆ.

ಮೊದಲು ಹಳೇ ಲೆಕ್ಕ.

"ಉಷ್ಣವಲಯದ ರೋಗಗಳು" ಅಂತ ವೈದ್ಯಶಾಸ್ತ್ರದಲ್ಲಿ ಒಂದು ಶಾಖೆಯೇ ಇದೆ. ಅದಕ್ಕೆಂದೇ ಲಿವರ್‌ಪೂಲಿನಲ್ಲಿ 1898ರಲ್ಲಿ ಒಂದು ಶಾಲೆ ತೆರೆಯಿತು, ಲಂಡನ್ನಿನಲ್ಲಿ 1899ರಲ್ಲಿ ಇನ್ನೊಂದು. ಎರಡೂ ಬಂದರು ಪಟ್ಟಣಗಳು. ಹಡಗು, ವ್ಯಾಪಾರ, ವಸಾಹತು. ಆಫ್ರಿಕಾಕ್ಕೆ, ನಮ್ಮ ದೇಶಕ್ಕೆ ಆಳಲು ಬಂದ ಬಿಳಿ ಅಧಿಕಾರಿ, ಸಿಪಾಯಿ, ವ್ಯಾಪಾರಿ ಚಳಿಜ್ವರದಿಂದ ಸಾಯುತ್ತಿದ್ದ. ಅವನನ್ನು ಉಳಿಸಬೇಕಿತ್ತು. ಇಲ್ಲೇ ಹುಟ್ಟಿ ಇಲ್ಲೇ ಸಾಯುವವನಿಗೆ ಇದು ಯಾವ ವಲಯದ ರೋಗವೂ ಅಲ್ಲ, ಬರೀ ರೋಗ. ದೂರದಿಂದ ಬಂದವನ ಕಣ್ಣಿಗೆ ಮಾತ್ರ ಅದು "ಉಷ್ಣವಲಯದ್ದು". ಹೆಸರಿನಲ್ಲೇ ಗೊತ್ತಾಗುತ್ತದೆ, ಪುಸ್ತಕ ಯಾರಿಗಾಗಿ ಬರೆದದ್ದು ಅಂತ.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅನ್ನುವ ಬ್ರಿಟಿಷ್ ಸೈನ್ಯದ ವೈದ್ಯ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡ. 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇದು ನೀವು ಪರೀಕ್ಷೆಗೆ ಬಾಯಿಪಾಠ ಮಾಡಿದ ಸಂಗತಿ. ಆ ಸೊಳ್ಳೆಗಳು ಯಾರ ರಕ್ತ ಕುಡಿದಿದ್ದವು? ಹುಸೇನ್ ಖಾನ್ ಅನ್ನುವ ರೋಗಿಯದು. ಕಚ್ಚಿದ ಒಂದೊಂದು ಸೊಳ್ಳೆಗೆ ಒಂದೊಂದು ಆಣೆಯಂತೆ ಅವನಿಗೆ ಕೊಟ್ಟದ್ದು. ರಾಸ್ ಕೆಲಸ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ದೆವ್ವ, ಮಾರಿ, ಕೆಟ್ಟಗಾಳಿ ಅನ್ನುತ್ತಿದ್ದ ಜ್ವರಕ್ಕೆ ಇಂಥದೇ ಸೊಳ್ಳೆ ಕಾರಣ ಅಂತ ತೋರಿಸಿದ್ದು ಮಂತ್ರವಾದಿಗಳ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಆದರೆ ನಮ್ಮ ಪಠ್ಯದಲ್ಲಿ ಸೂಕ್ಷ್ಮದರ್ಶಕದ ಚಿತ್ರ ಇದೆ, ಹುಸೇನ್ ಖಾನನ ಹೆಸರು ನಾನು ಓದಿದ ಯಾವ ಶಾಲೆಯ ಪುಸ್ತಕದಲ್ಲೂ ಇರಲಿಲ್ಲ.

ಇನ್ನೂ ಮುಂದೆ ಕೇಳಿ. ಸೊಳ್ಳೆ ರೋಗ ದಾಟಿಸುತ್ತದೆ ಅಂತ ಗೊತ್ತಾದ ಕೂಡಲೇ ಆಳುವವರ ಮುಂದೆ ಎರಡು ದಾರಿ ಇದ್ದವು. ಎಲ್ಲರ ನೀರನ್ನೂ ನೆಟ್ಟಗೆ ಮಾಡಿ, ಎಲ್ಲರಿಗೂ ಔಷಧ ಕೊಡುವುದು ಒಂದು. ಇನ್ನೊಂದು ಅಗ್ಗದ ದಾರಿ. ಸ್ಟೀಫನ್ಸ್ ಮತ್ತು ಕ್ರಿಸ್ಟೋಫರ್ಸ್ ಅನ್ನುವ ಇಬ್ಬರು ವೈದ್ಯರು 1900ರ ಸುಮಾರಿಗೆ ಪಶ್ಚಿಮ ಆಫ್ರಿಕಾದಲ್ಲಿ ರಕ್ತ ತೆಗೆದು ನೋಡಿದರು. ಅಲ್ಲಿನ ಕರಿಯ ಮಕ್ಕಳ ರಕ್ತದಲ್ಲಿ ಮಲೇರಿಯಾ ರೋಗಾಣು ತುಂಬಿತ್ತು. ಮಕ್ಕಳು ಕಾಯಿಲೆ ಬಿದ್ದಿದ್ದಾರೆ, ಮದ್ದು ಕೊಡಿ ಅಂದರೇ? ಇಲ್ಲ. ಬಿಳಿಯರು ಈ ಮಕ್ಕಳಿಂದ ದೂರ ಮನೆ ಕಟ್ಟಿಕೊಳ್ಳಲಿ ಅಂದರು. ಸಿಯೆರಾ ಲಿಯೋನ್ ದೇಶದ ಫ್ರೀಟೌನ್ ಪಟ್ಟಣದ ಮೇಲಿನ ಗುಡ್ಡದಲ್ಲಿ 1904ರಲ್ಲಿ ಹಿಲ್ ಸ್ಟೇಷನ್ ಅಂತ ಬಿಳಿಯರಿಗೆಂದೇ ಬಡಾವಣೆ ಎದ್ದಿತು. ಅಲ್ಲಿಗೆ ಹೋಗಿ ಬರಲು ರೈಲನ್ನೂ ಹಾಕಿದರು. ಹಗಲೆಲ್ಲ ಕೆಳಗಿನ ಊರಿನಲ್ಲಿ ಆಡಳಿತ, ರಾತ್ರಿ ಗುಡ್ಡದ ಮೇಲೆ ನಿದ್ದೆ.

ಗೆಳೆಯರೇ, ಇದನ್ನು ಓದಿದಾಗ ನಿಮಗೆ ಏನಾದರೂ ನೆನಪಾಯಿತೇ? ಊರು ಒಂದು ಕಡೆ, ಕೇರಿ ಒಂದು ಕಡೆ. ದುಡಿಯಲು ಒಳಗೆ ಬರಬೇಕು, ಮಲಗಲು ಹೊರಗೆ ಹೋಗಬೇಕು. ಮನುವಿಗೆ ಸೂಕ್ಷ್ಮದರ್ಶಕ ಬೇಕಾಗಿರಲಿಲ್ಲ, ಇವರಿಗೆ ಬೇಕಾಯಿತು, ಅಷ್ಟೇ. ಅವನು ಮೈಲಿಗೆ ಅಂದ, ಇವರು ರೋಗಾಣು ಅಂದರು. ರೋಗಾಣು ನಿಜ, ಮೈಲಿಗೆ ಸುಳ್ಳು. ನಿಜವಾದ ಸಂಗತಿಯನ್ನು ಇಟ್ಟುಕೊಂಡೂ ಸುಳ್ಳಿನ ಕೆಲಸವನ್ನೇ ಮಾಡಬಹುದು ಅನ್ನುವುದಕ್ಕೆ ಫ್ರೀಟೌನಿನ ಆ ಗುಡ್ಡ ಸಾಕ್ಷಿ.

ಮತ್ತೊಂದು ತಮಾಷೆ. ನಮ್ಮ ದೇಶದ ಪಟ್ಟಣಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಯ ಹೆಸರು ಅನಾಫಿಲಿಸ್ ಸ್ಟೀಫನ್ಸಿ. ಅದೇ ಸ್ಟೀಫನ್ಸ್ ಹೆಸರು. ದೂರ ಇರಿ ಅಂದವನ ಹೆಸರು ಹೊತ್ತ ಸೊಳ್ಳೆ ಈಗ ಮಂಗಳೂರಿನ ಕಟ್ಟಡಗಳ ಮೇಲೆ, ಎಲ್ಲರ ಟ್ಯಾಂಕಿನಲ್ಲೂ ಮೊಟ್ಟೆ ಇಡುತ್ತದೆ.

ಈಗ ಮಂಗಳೂರಿಗೇ ಬರೋಣ. 1990ರ ದಶಕದಿಂದ ಆ ಊರಿನಲ್ಲಿ ಮಲೇರಿಯಾ ಬೇರೂರಿತು. ಕಟ್ಟಡಗಳು ಏಳುತ್ತಿದ್ದ ಕಾಲ. ಬಾಗಲಕೋಟೆ, ಕೊಪ್ಪಳ, ರಾಯಚೂರು, ಗದಗಿನಿಂದ ಜನ ಬಸ್ಸು ಹತ್ತಿದರು. ಮಳೆ ಇಲ್ಲ, ಹೊಲ ಇಲ್ಲ, ಇದ್ದರೂ ಒಡೆಯನ ಸಾಲದಲ್ಲಿದೆ. ಹೀಗೆ ಹೊರಟವರಲ್ಲಿ ನಮ್ಮ ಕೇರಿಯವರು ಎಷ್ಟು ಅಂತ ನಿಮ್ಮ ನಿಮ್ಮ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಉಗಾದಿ ಮುಗಿದ ಮೇಲೆ ನಿಂತು ನೋಡಿ.

ಕಟ್ಟಡದಲ್ಲಿ ಏನಾಗುತ್ತದೆ ಅಂತ ಕಾಕಾ ಹೇಳಿದ್ದನ್ನೇ ಬರೆಯುತ್ತೇನೆ. ಸ್ಲ್ಯಾಬ್ ಹಾಕಿದ ಮೇಲೆ ಕಾಂಕ್ರೀಟು ಗಟ್ಟಿಯಾಗಬೇಕು, ಬಿರುಕು ಬಿಡಬಾರದು. ಅದಕ್ಕೆ ಮೇಲೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸುತ್ತಾರೆ. ಕ್ಯೂರಿಂಗ್ ಅಂತಾರೆ. ವಾರ, ಹತ್ತು ದಿನ, ಕೆಲವು ಕಡೆ ಎರಡು ವಾರ. ನೀರು ತಿಳಿ. ಈ ಸೊಳ್ಳೆಗೆ ಗಟಾರದ ಕೊಳಕು ಬೇಡ, ತಿಳಿನೀರೇ ಬೇಕು. ಮೊಟ್ಟೆ ಒಡೆದು, ಹುಳು ಆಗಿ, ರೆಕ್ಕೆ ಬಂದು ಹಾರಲು ಅದಕ್ಕೆ ಬೇಕಾದದ್ದೂ ವಾರ-ಹತ್ತು ದಿನ. ಎಂಜಿನಿಯರು ಕಾಂಕ್ರೀಟಿಗೆ ಕೊಟ್ಟ ಗಡುವೂ ಸೊಳ್ಳೆಯ ಗಡುವೂ ಒಂದೇ. ಆ ಸ್ಲ್ಯಾಬಿನ ಕೆಳಗೇ, ಗೋಡೆ ಇನ್ನೂ ಏಳದ ಕಡೆ, ತಗಡು ಕಟ್ಟಿಕೊಂಡು ನಮ್ಮವರು ಮಲಗುತ್ತಾರೆ. ಮಲೇರಿಯಾ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ಅದಕ್ಕೆ ಇಷ್ಟು ಅನುಕೂಲ ಮಾಡಿಕೊಟ್ಟವರು ಯಾರು? ಸೊಳ್ಳೆ ಸಿಮೆಂಟು ತಂದಿಲ್ಲ.

ಇದನ್ನು ತಪ್ಪಿಸೋದು ಕಷ್ಟವೂ ಅಲ್ಲ. ವಾರಕ್ಕೊಮ್ಮೆ ಆ ನೀರನ್ನು ಪೂರ್ತಿ ಹರಿಯಬಿಟ್ಟು ಮತ್ತೆ ನಿಲ್ಲಿಸಿದರೆ ಹುಳುಗಳು ಸಾಯುತ್ತವೆ. ನೀರು ನಿಲ್ಲಿಸುವ ಬದಲು ಒದ್ದೆ ಗೋಣಿಚೀಲ ಹೊದಿಸಿದರೂ ಕಾಂಕ್ರೀಟು ಗಟ್ಟಿಯಾಗುತ್ತದೆ. ಟ್ಯಾಂಕಿಗೆ ಮುಚ್ಚಳ, ಮಲಗುವವನಿಗೆ ಪರದೆ. ಒಂದು ಫ್ಲ್ಯಾಟಿನ ಬಚ್ಚಲಿಗೆ ಹಾಕುವ ಟೈಲ್ಸಿನ ದುಡ್ಡಿನಲ್ಲಿ ಎಷ್ಟು ಜನಕ್ಕೆ ಪರದೆ ಬರುತ್ತದೆ ಅಂತ ಲೆಕ್ಕ ಹಾಕಿ. ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಲ್ಲೇ ಪುಕ್ಕಟೆ ವಸತಿ, ಅಡುಗೆಗೆ, ಸ್ನಾನಕ್ಕೆ ಜಾಗ ಮಾಲಿಕನೇ ಕೊಡಬೇಕು ಅಂತ 1996ರಲ್ಲಿ ಬಂದ ಕಾಯ್ದೆ ಹೇಳಿತ್ತು. ಕಾಕಾ ಆ ಕಾಯ್ದೆ ಬಂದ ಎಷ್ಟೋ ವರ್ಷದ ಮೇಲೆ ಮಂಗಳೂರಿಗೆ ಹೋದವನು. ಅವನಿಗೆ ಸಿಕ್ಕ ವಸತಿ ಎರಡು ತಗಡು ಮತ್ತು ಒಂದು ಹಳೇ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಯಾವುದೋ ಪಕ್ಷದ ನಾಯಕನ ಮುಖ ಇತ್ತಂತೆ, ಮಳೆ ಬಂದರೆ ಅವನ ಮೂಗಿನಿಂದಲೇ ನೀರು ಸೋರುತ್ತಿತ್ತಂತೆ.

ಜ್ವರ ಬಂದಾಗ ಊರಿನ ಸಭ್ಯರು ಆಡಿದ ಮಾತು ಏನು? "ಈ ಬಯಲುಸೀಮೆಯವರು ಬಂದು ಮಲೇರಿಯಾ ತಂದರು." ಈ ಮಾತಿನಲ್ಲಿ ಅರ್ಧ ನಿಜ ಇದೆ, ಅದನ್ನು ಮುಚ್ಚಿಡಬಾರದು. ಸೊಳ್ಳೆ ಹುಟ್ಟುವಾಗಲೇ ರೋಗ ಹೊತ್ತು ಹುಟ್ಟುವುದಿಲ್ಲ. ರಕ್ತದಲ್ಲಿ ರೋಗಾಣು ಇರುವ ಮನುಷ್ಯನನ್ನು ಕಚ್ಚಬೇಕು, ರೋಗಾಣು ಅದರ ಮೈಯಲ್ಲಿ ಸುಮಾರು ಹತ್ತು ಹನ್ನೆರಡು ದಿನ ಬೆಳೆಯಬೇಕು, ಆಮೇಲೆ ಅದು ಇನ್ನೊಬ್ಬನನ್ನು ಕಚ್ಚಿದಾಗ ದಾಟುತ್ತದೆ. ಹಾಗಾಗಿ ಊರಿಂದ ಊರಿಗೆ ರೋಗಾಣುವನ್ನು ಹೊತ್ತೊಯ್ಯುವುದು ಸೊಳ್ಳೆಗಿಂತ ಹೆಚ್ಚಾಗಿ ಮನುಷ್ಯನೇ. ಕೂಲಿಯವನೂ ಹೊತ್ತಿರಬಹುದು. ವಿಮಾನದಲ್ಲಿ ಬಂದವನೂ ಹೊತ್ತಿರಬಹುದು. ಆದರೆ ವಿಮಾನದವನಿಗೆ ಮೊದಲ ದಿನವೇ ರಕ್ತ ಪರೀಕ್ಷೆ ಆಗುತ್ತದೆ. ಕೂಲಿಯವನು ಹತ್ತು ದಿನ ರೋಗಾಣು ಹೊತ್ತು, ಪರದೆಯಿಲ್ಲದೆ, ನಿಂತ ನೀರಿನ ಕೆಳಗೆ ಮಲಗಬೇಕು. ಹಾಗೆ ಮಲಗಿಸಿದವನ ಹೆಸರು ಯಾವ ಆರೋಪದಲ್ಲೂ ಬರುವುದಿಲ್ಲ.

ಕಾಕಾನ ಎರಡನೇ ಮಲೇರಿಯಾದ ಕಥೆ ನಿಮಗೆಲ್ಲ ಪಾಠವಾಗಬೇಕು. ಮೈ ಗಡಗಡ ನಡುಕ, ಆಮೇಲೆ ಕೆಂಡದಂಥ ಜ್ವರ, ಆಮೇಲೆ ಬೆವರು. ಮೊದಲು ಹತ್ತಿರದ ಒಂದು ಖಾಸಗಿ ದವಾಖಾನೆಗೆ ಹೋದ. ರಕ್ತ ನೋಡಲೇ ಇಲ್ಲ. ಒಂದು ಬಾಟಲಿ ಗ್ಲೂಕೋಸು ಏರಿಸಿ, ಸೂಜಿ ಹಾಕಿ, ಎರಡು ದಿನದ ಕೂಲಿ ಕಿತ್ತುಕೊಂಡರು. ಐದನೇ ದಿನ ಸರ್ಕಾರಿ ಆಸ್ಪತ್ರೆ. ಬೆರಳಿಗೆ ಚುಚ್ಚಿ ರಕ್ತ ನೋಡಿ ವೈವಾಕ್ಸ್ ಮಲೇರಿಯಾ ಅಂದರು, ಪುಕ್ಕಟೆ ಮಾತ್ರೆ ಕೊಟ್ಟರು. ಮೂರು ದಿನದ ಕ್ಲೋರೋಕ್ವಿನ್, ಹದಿನಾಲ್ಕು ದಿನದ ಪ್ರೈಮಾಕ್ವಿನ್. ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ಕಾಕಾ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಪ್ರೈಮಾಕ್ವಿನ್ ನುಂಗಿ ಕೆಲಸಕ್ಕೆ ಹೋದ, ಹೊಟ್ಟೆ ಕಿವುಚಿತು. ಜ್ವರವೇ ಇಲ್ಲ, ಈ ಮಾತ್ರೆ ಯಾಕೆ ಅಂತ ಐದನೇ ದಿನ ಎಸೆದ.

ಯಾಕೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ವೈವಾಕ್ಸ್ ರೋಗಾಣು ರಕ್ತದಲ್ಲಿ ಸತ್ತರೂ ಯಕೃತ್ತಿನಲ್ಲಿ ಅಡಗಿ ಮಲಗುತ್ತದೆ. ವಾರಗಳ ಮೇಲೆ, ತಿಂಗಳುಗಳ ಮೇಲೆ ಎದ್ದು ಬರುತ್ತದೆ. ಮೊದಲ ಮಾತ್ರೆ ರಕ್ತದಲ್ಲಿರುವುದಕ್ಕೆ, ಹದಿನಾಲ್ಕು ದಿನದ ಮಾತ್ರೆ ಯಕೃತ್ತಿನಲ್ಲಿ ಅಡಗಿರುವುದಕ್ಕೆ. ಈ ಒಂದು ಮಾತು ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷವನ್ನು ಲುಂಗಿ ಉಟ್ಟ, ಬೇರೆ ಸೀಮೆಯ ಕನ್ನಡ ಆಡುವ, ಸಿಮೆಂಟು ಮೆತ್ತಿದ ಮನುಷ್ಯನಿಗೆ ಯಾರೂ ಕೊಡಲಿಲ್ಲ. ಎರಡು ತಿಂಗಳಿಗೆ ಊರಿನ ಜಾತ್ರೆಗೆ ಬಂದಾಗ ಮತ್ತೆ ನಡುಕ ಹತ್ತಿತು. ಊರಿನಲ್ಲಿ ಅಜ್ಜಿ ತಾಯತ ಕಟ್ಟಿಸಿದಳು. ಜಾತ್ರೆಯಲ್ಲಿ ಕೋಣದ ಪಾಲು ಕೊಡದೆ ಬಂದದ್ದಕ್ಕೆ ದೇವಿ ಮುನಿದಿದ್ದಾಳೆ ಅಂದರು. ದೇವಿಗೂ ಪ್ರೈಮಾಕ್ವಿನ್‌ಗೂ ಏನು ಸಂಬಂಧ ಅಂತ ನಾನು ಕೂಗಾಡಿದೆ. ಬಿಎ ಓದಿದವನ ಕೂಗಾಟಕ್ಕೆ ಕೇರಿಯಲ್ಲಿ ಎಷ್ಟು ಬೆಲೆಯೋ ಅಷ್ಟೇ ಬಂತು. ಕೊನೆಗೆ ಊರಿನ ಆಶಾ ಕಾರ್ಯಕರ್ತೆ ದಿನಾ ಬಂದು, ಎದುರಿಗೇ ರೊಟ್ಟಿ ತಿನ್ನಿಸಿ, ಹದಿನಾಲ್ಕು ದಿನ ಮಾತ್ರೆ ನುಂಗಿಸಿದಳು. ಕವಿಯಿಂದ ಆಗದ್ದು ಅವಳಿಂದ ಆಯಿತು.

ಒಂದು ಎಚ್ಚರ ಇಲ್ಲೇ ಸೇರಿಸುತ್ತೇನೆ. ಕೆಲವರ ರಕ್ತಕ್ಕೆ ಪ್ರೈಮಾಕ್ವಿನ್ ಆಗಿಬರುವುದಿಲ್ಲ. ಮಾತ್ರೆ ತೆಗೆದುಕೊಳ್ಳುವಾಗ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ನಿಲ್ಲಿಸಿ ಕೂಡಲೇ ವೈದ್ಯರ ಹತ್ತಿರ ಓಡಬೇಕು. ಬಸುರಿಗೆ, ಹಸುಗೂಸಿಗೆ ಇದು ಸಲ್ಲದು. ಫಾಲ್ಸಿಪಾರಂ ಅನ್ನುವ ಇನ್ನೊಂದು ಜಾತಿಯ ಮಲೇರಿಯಾ ಇದೆ, ಅದಕ್ಕೆ ಬೇರೆ ಮಾತ್ರೆ. ಅದು ಮೆದುಳಿಗೆ ಏರಿ ಕೊಲ್ಲಬಲ್ಲದು. ಹಾಗಾಗಿ ಅಂಗಡಿಯಿಂದ ಅಂದಾಜಿನ ಮೇಲೆ ಮಾತ್ರೆ ತಂದು ನುಂಗುವುದು ಬೇಡ, ರಕ್ತ ಪರೀಕ್ಷೆಯೇ ಮೊದಲು.

ಮಂಗಳೂರಿನಲ್ಲಿ ಈಚಿನ ವರ್ಷಗಳಲ್ಲಿ ಮಲೇರಿಯಾ ಬಹಳ ಇಳಿದಿದೆ. ರಕ್ತ ಪರೀಕ್ಷೆ ಹೆಚ್ಚಿತು, ಟ್ಯಾಂಕು ಕಟ್ಟಡಗಳ ಮೇಲೆ ಕಣ್ಣು ಬಿತ್ತು, ಇಳಿಯಿತು. ಬೇಕು ಅನಿಸಿದರೆ ಆಗುತ್ತದೆ. ಬೇಡ ಅನಿಸಿದರೆ ಏನಾಗುತ್ತದೆ ಅಂತಲೂ ಈ ದೇಶ ಕಂಡಿದೆ. 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, 1958ರಲ್ಲಿ ನಿರ್ಮೂಲನ ಅಂತ ಹೆಸರು ಬದಲಾಗಿ, 1965ರ ಹೊತ್ತಿಗೆ ವರ್ಷಕ್ಕೆ ಲಕ್ಷದ ಆಸುಪಾಸಿಗೆ ಇಳಿದಿತ್ತು. ಗೆದ್ದೆವು ಅಂತ ಕೈ ಚೆಲ್ಲಿದರು. ಡಿಡಿಟಿಗೆ ಸೊಳ್ಳೆ ಒಗ್ಗಿಕೊಂಡಿತು. 1976ರಲ್ಲಿ 64 ಲಕ್ಷ ಜನಕ್ಕೆ ಜ್ವರ ಹತ್ತಿತು.

ಸರಿ, ಮಲೇರಿಯಾ ರಾತ್ರಿಯದು. ಹಗಲಿನದು ಡೆಂಗಿ.

ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಕಾಲಿನ ಮೇಲೆ ಬಿಳಿ ಪಟ್ಟಿ ಇರುವಂಥದ್ದು. ಹಗಲು ಕಚ್ಚುತ್ತದೆ, ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ ಜಾಸ್ತಿ. ಅಂದರೆ ನೀವು ಓದುತ್ತ ಕೂತಿರುವಾಗ, ಊಟದ ಸಾಲಿನಲ್ಲಿ ನಿಂತಿರುವಾಗ. ಅದು ದೂರ ಹಾರುವ ಸೊಳ್ಳೆ ಅಲ್ಲ. ನಿಮ್ಮನ್ನು ಕಚ್ಚಿದ್ದು ನಿಮ್ಮ ಹಾಸ್ಟೆಲ್ಲಿನಲ್ಲೇ, ಇಲ್ಲ ಪಕ್ಕದ ಕಾಂಪೌಂಡಿನಲ್ಲೇ ಹುಟ್ಟಿರುತ್ತದೆ. ಡ್ರಮ್ಮು, ಸಂಪು, ಒಡೆದ ಕೊಡ, ಟೈರು, ಫ್ರಿಜ್ಜಿನ ಹಿಂದಿನ ತಟ್ಟೆ ಅದರ ತೊಟ್ಟಿಲು. ನೀರಿನ ಗೆರೆಯ ಮೇಲೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯದು, ನೀರು ತುಂಬಿದ ದಿನ ಒಡೆಯುತ್ತದೆ. ಹಾಗಾಗಿ ಡ್ರಮ್ಮನ್ನು ಖಾಲಿ ಮಾಡಿದರೆ ಸಾಲದು, ಒಳಗೋಡೆಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯಬೇಕು.

2024ರಲ್ಲಿ ಕರ್ನಾಟಕದಲ್ಲಿ ಡೆಂಗಿ ಪ್ರಕರಣ 20 ಸಾವಿರ ದಾಟಿತು. ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡ ಹಾಕುವ ನಿಯಮ ತಂದಿತು. ನಗರದಲ್ಲಿ ಮನೆಯ ನೀರಿನಲ್ಲಿ ಸೊಳ್ಳೆ ಹುಳು ಸಿಕ್ಕರೆ 400 ರೂಪಾಯಿ. ಕಟ್ಟಡ ಕಟ್ಟುವ ಜಾಗದಲ್ಲಿ ಸಿಕ್ಕರೆ 2000 ರೂಪಾಯಿ. ಈ ಎರಡು ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಕೋಟಿ ಕೋಟಿಯ ಕಟ್ಟಡಕ್ಕೆ 2000 ಅಂದರೆ ಬಿಲ್ಡರನ ಒಂದು ಸಂಜೆಯ ಊಟ. ಮನೆಗೆಲಸದ ಹೆಂಗಸಿಗೆ 400 ಅಂದರೆ ಒಂದು ದಿನದ ಹೊಟ್ಟೆ.

ಇಷ್ಟಕ್ಕೂ ಡ್ರಮ್ಮು ಯಾರ ಮನೆಯಲ್ಲಿ ಇರುತ್ತದೆ? ದಿನಾ ನಲ್ಲಿ ಬರುವವನಿಗೆ ಡ್ರಮ್ಮು ಬೇಕಿಲ್ಲ. ಐದು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನೀರು ಬಿಟ್ಟರೆ ಕೇರಿಯ, ಸ್ಲಮ್ಮಿನ ಹೆಂಗಸು ಮನೆಯಲ್ಲಿರುವ ಲೋಟವನ್ನೂ ತುಂಬಿಡುತ್ತಾಳೆ. ನೀರು ಬಿಡದವನು ಕಚೇರಿಯಲ್ಲಿ ಕೂತಿದ್ದಾನೆ, ನೀರು ತುಂಬಿಟ್ಟವಳು ದಂಡ ಕಟ್ಟಬೇಕು! 1927ರಲ್ಲಿ ಮಹಾಡಿನ ಚೌದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿ ಕುಡಿದರು. ಅಂದು ನೀರು ಮುಟ್ಟಿದ್ದು ಅಪರಾಧ. ಇಂದು ನೀರು ಕೂಡಿಟ್ಟದ್ದು ಅಪರಾಧ. ಆ ಕೆರೆಯ ಪ್ರಶ್ನೆ ಇನ್ನೂ ಡ್ರಮ್ಮಿನೊಳಗೆ ನಿಂತಿದೆ. ಹಾಗಂತ ಡ್ರಮ್ಮು ತೆರೆದೇ ಇಡಿ ಅಂತ ನಾನು ಹೇಳುತ್ತಿಲ್ಲ. ನಲ್ಲಿ ಬರುವವರೆಗೆ ನಮ್ಮ ಮಕ್ಕಳನ್ನು ಉಳಿಸಿಕೊಳ್ಳಬೇಕು. ಹಳೇ ಸೀರೆಯನ್ನಾದರೂ ಬಾಯಿಗೆ ಬಿಗಿಯಾಗಿ ಕಟ್ಟಿ.

ಡೆಂಗಿ ಜ್ವರದ ಬಗ್ಗೆ ಹಾಸ್ಟೆಲ್ಲಿನಲ್ಲಿ ನಡೆಯುವ ಎರಡು ತಪ್ಪು ಹೇಳಿಬಿಡುತ್ತೇನೆ. ಒಂದು, ಮೈಕೈ ನೋವಿಗೆ ಅಂತ ಆಸ್ಪಿರಿನ್, ಬ್ರೂಫೆನ್ ನುಂಗೋದು. ರಕ್ತಸ್ರಾವಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಪ್ಯಾರಾಸಿಟಮಾಲ್, ನೀರು, ಗಂಜಿ, ಉಪ್ಪು ಸಕ್ಕರೆ ನೀರು, ಅಷ್ಟೇ. ಇನ್ನೊಂದು, ಜ್ವರ ಇಳಿದ ದಿನ ಪರಾರಿ ಅಂತ ಎದ್ದು ಓಡಾಡೋದು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗಿ ಮಂಪರು ಬಂದರೆ ವಾರ್ಡನ್ ಬರಲಿ ಅಂತ ಕಾಯಬೇಡಿ, ಆಟೋ ಹಿಡಿದು ಆಸ್ಪತ್ರೆಗೆ ಒಯ್ಯಿರಿ.

ಈಗ ಸಮುದ್ರ ದಾಟಿ ಹೋಗುವ ನಮ್ಮವರ ವಿಷಯ. ಇಂಥವರೂ ಇದ್ದಾರೆಯೇ ಅನ್ನಬೇಡಿ. ಹುಣಸೂರಿನ ಪಕ್ಷಿರಾಜಪುರ, ದಾವಣಗೆರೆ, ಶಿವಮೊಗ್ಗ ಕಡೆಯ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿದಾಗ ಅವರು ಅಲ್ಲಿ ಸಿಕ್ಕಿಕೊಂಡದ್ದು ಪತ್ರಿಕೆಯಲ್ಲಿ ಬಂದು, ಕನ್ನಡಿಗರಲ್ಲಿ ಇಂಥ ಪ್ರವಾಸಿಗರೂ ಇದ್ದಾರೆ ಅಂತ ಎಲ್ಲರಿಗೂ ಗೊತ್ತಾಯಿತು. ಸುಡಾನಿನಲ್ಲಿ ಇರುವುದು ಬಹುಪಾಲು ಆ ಕೊಲ್ಲುವ ಫಾಲ್ಸಿಪಾರಂ ಮಲೇರಿಯಾ. ಅಂಥ ಕಡೆ ಹೋಗುವವನು ಹೊರಡುವ ಮೊದಲಿನಿಂದ ವಾಪಸು ಬಂದು ಕೆಲವು ವಾರದವರೆಗೆ ತಡೆ ಮಾತ್ರೆ ನುಂಗಬೇಕು. ಡಾಕ್ಸಿಸೈಕ್ಲಿನ್ ಆದರೆ ದಿನಾ, ಮೆಫ್ಲೋಕ್ವಿನ್ ಆದರೆ ವಾರಕ್ಕೊಮ್ಮೆ. ಯಾರಿಗೆ ಯಾವುದು ಅಂತ ವೈದ್ಯರೇ ಹೇಳಬೇಕು.

ಸರ್ಕಾರ ಅವರಿಂದ ಕೇಳುವುದು ಇದನ್ನಲ್ಲ. ಹಳದಿ ಜ್ವರದ ಚುಚ್ಚುಮದ್ದಿನ ಚೀಟಿ ಕೇಳುತ್ತದೆ. ಹೊರಡುವ ಹತ್ತು ದಿನ ಮೊದಲು ಹಾಕಿಸಿಕೊಳ್ಳಬೇಕು, ಒಂದು ಸಲ ಹಾಕಿಸಿದರೆ ಜೀವಮಾನಕ್ಕೆ ಸಾಕು. ಚೀಟಿ ಇಲ್ಲದೆ ಆ ದೇಶಗಳಿಂದ ಬಂದರೆ ಆರು ದಿನ ಬೇರೆ ಕೂಡಿಹಾಕುತ್ತಾರೆ. ಸುಡಾನಿನಿಂದ ಜೀವ ಉಳಿಸಿಕೊಂಡು ಬೆಂಗಳೂರಿಗೆ ಬಂದಿಳಿದ ಕೆಲವರನ್ನು ಹಾಗೇ ಕೂಡಿಹಾಕಿದರು. ನಿಯಮ ತಪ್ಪಲ್ಲ, ಇದನ್ನು ನಾನು ಒಪ್ಪುತ್ತೇನೆ. ಹಳದಿ ಜ್ವರ ನಮ್ಮ ದೇಶದಲ್ಲಿ ಇಲ್ಲ, ಅದನ್ನು ಹರಡುವ ಈಡಿಸ್ ಸೊಳ್ಳೆ ಮಾತ್ರ ಊರ ತುಂಬ ಇದೆ. ಒಳಗೆ ಬಂದರೆ ಮೊದಲು ಸಾಯುವವರೂ ನಮ್ಮವರೇ. ನನ್ನ ತಕರಾರು ಬೇರೆ. ಪ್ರವಾಸಿಯಿಂದ ದೇಶವನ್ನು ಕಾಪಾಡುವ ಚೀಟಿಗೆ ಕಾನೂನಿದೆ. ಆ ಬಡ ಪ್ರವಾಸಿಯನ್ನೇ ಕಾಪಾಡುವ ಮಾತ್ರೆಗೆ ಕಾನೂನಿಲ್ಲ, ಕೇಳುವವರೂ ಇಲ್ಲ.

ದೇಶದ ಮಲೇರಿಯಾ ಚಿಕಿತ್ಸೆಯ 2014ರ ಮಾರ್ಗಸೂಚಿಯಲ್ಲಿ ರೋಗ ಹೆಚ್ಚಿರುವ ಕಡೆ ತಡೆ ಮಾತ್ರೆ ಯಾರಿಗೆ ಅನ್ನುವಲ್ಲಿ ಪ್ರವಾಸಿಗರು, ವಲಸೆ ಕಾರ್ಮಿಕರು, ಸೈನಿಕರು ಅಂತ ಮೂವರನ್ನೂ ಒಂದೇ ಸಾಲಿನಲ್ಲಿ ಬರೆದಿದ್ದರು. ನೋಡಿ ಎಂಥ ಸಮಾನತೆ! ಸೈನಿಕನಿಗೆ ಮೇಲಧಿಕಾರಿ ನುಂಗಿಸುತ್ತಾನೆ. ಪ್ರವಾಸಿ ದುಡ್ಡು ಕೊಟ್ಟು ಕೊಳ್ಳುತ್ತಾನೆ. ನಡುವಿನವನಿಗೆ ಆ ಸಾಲು ಇದೆ ಅಂತಲೇ ಯಾರೂ ಓದಿ ಹೇಳಲಿಲ್ಲ.

ಚಳವಳಿಯ ಗೆಳೆಯರ ಮೇಲೂ ನನಗೆ ಸಿಟ್ಟಿದೆ. ಸೊಳ್ಳೆ, ಸಂಪು, ಮುಚ್ಚಳ ಇವೆಲ್ಲ ಆರೋಗ್ಯ ಇಲಾಖೆಯ ಗೋಡೆಬರಹಗಳು, ಹೋರಾಟದ ವಿಷಯಗಳಲ್ಲ ಅನ್ನುತ್ತಾರೆ. ನಾನೂ ಇದೇ ತಪ್ಪು ಮಾಡಿದವನು. ಗೌಡನನ್ನು ರಕ್ತ ಹೀರುವ ಸೊಳ್ಳೆಗೆ ಹೋಲಿಸಿ ಪದ್ಯ ಬರೆದು ಓದಿ ಚಪ್ಪಾಳೆ ಗಿಟ್ಟಿಸಿದ್ದೆ. ಆ ರಾತ್ರಿ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ಎಂಟು ಜನ ನಿಜವಾದ ಸೊಳ್ಳೆಗೆ ಕೈ ಬಡಿಯುತ್ತಾ ಮಲಗಿದೆವು. ಅದೂ ಒಂಥರ ಚಪ್ಪಾಳೆಯೇ. ಸಂಪಿನ ಮುಚ್ಚಳ ಒಡೆದು ಆರು ತಿಂಗಳಾಗಿತ್ತು. ಅದರ ಮೇಲೆ ನಾನು ಪದ್ಯವನ್ನೂ ಬರೆಯಲಿಲ್ಲ, ಅರ್ಜಿಯನ್ನೂ ಬರೆಯಲಿಲ್ಲ. ಆ ವರ್ಷ ಇಬ್ಬರು ಹುಡುಗರು ಪರೀಕ್ಷೆಗೆ ಕೂರಲಿಲ್ಲ. ಜ್ವರ. ಒಬ್ಬ ಆಮೇಲೆ ಓದಲಿಕ್ಕೇ ಬರಲಿಲ್ಲ. ಅವನಪ್ಪ ಅವನನ್ನು ಗುಳೆಗೆ ಕರೆದುಕೊಂಡು ಹೋದ. ಮೀಸಲಾತಿಯ ಸೀಟಿಗೆ ಗುರಿ ಇಟ್ಟವರನ್ನು ಎದುರಿಸಲು ನಾವು ಮೆರವಣಿಗೆ ಮಾಡುತ್ತೇವೆ, ಆ ಸೀಟಿನಿಂದ ಹುಡುಗನನ್ನು ಎಬ್ಬಿಸಿದ ಸಂಪಿನ ಬಗ್ಗೆ ಸುಮ್ಮನಿದ್ದೇವೆ.

ಬೇಸಿಗೆ ರಜೆಗೆ ನಿಮ್ಮಲ್ಲೇ ಎಷ್ಟೋ ಜನ ಅಪ್ಪ ಅವ್ವನ ಜೊತೆ ಬೆಂಗಳೂರು, ಮಂಗಳೂರು, ಗೋವಾ, ಪುಣೆಗೆ ಕೆಲಸಕ್ಕೆ ಹೋಗುತ್ತೀರಿ. ಮದ್ದು ಲೇಪಿಸಿದ ಪರದೆ ಒಯ್ಯಿರಿ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿ. ಪುಟ್ಟ ತಂಗಿಯನ್ನು ಹಗಲು ಮಲಗಿಸುವಾಗಲೂ ಪರದೆಯೊಳಗೇ ಮಲಗಿಸಿ. ಮರಳಿ ಬಂದ ಮೇಲೆ ಜ್ವರ ಬಂದರೆ, ತಿಂಗಳು ಕಳೆದಿದ್ದರೂ ಸರಿ, ಎಲ್ಲಿಗೆ ಹೋಗಿದ್ದೆ ಅಂತ ವೈದ್ಯರಿಗೆ ಮೊದಲೇ ಹೇಳಿ. ಅವರು ಕೇಳದಿದ್ದರೆ ನೀವೇ ಹೇಳಿ. ಮಲೇರಿಯಾ ಪರೀಕ್ಷೆ, ಮಾತ್ರೆ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಯಾರಾದರೂ ದುಡ್ಡು ಕೇಳಿದರೆ ರಸೀದಿ ಕೇಳಿ, ಅರ್ಧ ಜನ ಅಲ್ಲೇ ಸುಮ್ಮನಾಗುತ್ತಾರೆ.

ಕಾಕಾ ಈ ಸಲ ಎರಡು ಪರದೆ ಒಯ್ದಿದ್ದಾನೆ. ಹೋದ ವಾರ ಫೋನು ಮಾಡಿದ್ದ. ಪರದೆ ಕಟ್ಟಲು ಗೋಡೆಗೆ ಮೊಳೆ ಹೊಡೆದರೆ ಪ್ಲಾಸ್ಟರು ಕೆಡುತ್ತದೆ ಅಂತ ಮೇಸ್ತ್ರಿ ಬಿಡಲಿಲ್ಲವಂತೆ. "ನಾನ ಕಟ್ಟಿದ ಗ್ವಾಡಿಗೆ ನಾನ ಒಂದು ಮಳಿ ಹೊಡ್ಯಾಂಗಿಲ್ಲಂತ ನೋಡು" ಅಂತ ನಕ್ಕ. ಕೊನೆಗೆ ನಾಲ್ಕು ಸೆಂಟ್ರಿಂಗ್ ಕೋಲು ನೆಟ್ಟು ಕಟ್ಟಿಕೊಂಡಿದ್ದಾನೆ. ಅವನ ಶೆಡ್ಡಿನಲ್ಲಿ ಹನ್ನೊಂದು ಜನ, ಪರದೆ ಎರಡು.

ಬರುವ ಸಭೆಗೆ ನಿಮ್ಮ ನಿಮ್ಮ ಹಾಸ್ಟೆಲ್ಲಿನ ಸಂಪು ಎಷ್ಟು, ಟ್ಯಾಂಕು ಎಷ್ಟು, ಡ್ರಮ್ಮು ಎಷ್ಟು, ಮುಚ್ಚಳ ಎಷ್ಟಕ್ಕಿದೆ, ಕಿಟಕಿಗೆ ಜಾಲರಿ ಇದೆಯೇ, ಈ ವರ್ಷ ಎಷ್ಟು ಜನಕ್ಕೆ ಜ್ವರ ಬಂತು, ಎಷ್ಟು ಜನದ ರಕ್ತ ಪರೀಕ್ಷೆ ಆಯಿತು ಅಂತ ಬರೆದು ತನ್ನಿ. ಊರಿನಿಂದ ಯಾರು ಯಾರು ಎಲ್ಲೆಲ್ಲಿಗೆ ಗುಳೆ ಹೋಗಿದ್ದಾರೆ ಅನ್ನುವುದನ್ನೂ ತನ್ನಿ. ಅರ್ಜಿಯನ್ನು ಅಲ್ಲೇ ಕೂತು ಬರೆಯೋಣ, ಸಮಾಜ ಕಲ್ಯಾಣ ಇಲಾಖೆಗೆ ಒಂದು, ಕಾರ್ಮಿಕ ಇಲಾಖೆಗೆ ಒಂದು.

ಜೈ ಭೀಮ್.